ಸೇತುವೆಗೆ ಮೊದಲೇ ಕಡಿದ ಕರೆ

ಬಸ್ಸಿನಲ್ಲಿ ಎಲ್ಲರೂ ಅವಳನ್ನು ಹಲ್ಲಕ್ಕ ಎನ್ನುತ್ತಿದ್ದರು. ಉಬ್ಬುಹಲ್ಲಿನವಳು ಎಂದಲ್ಲ. ಹಲ್ಲಿನ ಸೆಟ್ಟು ತಯಾರಿಸುವ ಕಡೆ ಅವಳ ಕೆಲಸ. ಗುಲಾಬಿ ಬಣ್ಣದ ಒಸಡಿನಲ್ಲಿ ಹಲ್ಲು ಕೂರಿಸಿ, ಗಿರಗಿರ ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿದು ಹೊಳಪು ಕೊಡುತ್ತಿದ್ದಳು. “ಊರಿನ ಮುದುಕರೆಲ್ಲ ನಾ ಕೊಟ್ಟ ಹಲ್ಲಲ್ಲೇ ನನ್ನ ಬೈಯೋದು” ಎಂದು ತಾನೇ ನಗಿಸುತ್ತಿದ್ದಳು.

ಗಂಡ ಲಾರಿ ಓಡಿಸುತ್ತಿದ್ದ. ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಅವಳಿಗೆ ಜೊತೆಯೆಂದರೆ ಮೈದುನ. ಅವಳು ಸೊಸೆಯಾಗಿ ಬಂದಾಗ ಅವನಿನ್ನೂ ಮೂಗು ಸುರಿಸುವ ಹುಡುಗ, ತಾಯಿಯಿಲ್ಲದವನು. ತಲೆ ಬಾಚಿ, ಹೊಡೆದು, ಬೈದು ಬೆಳೆಸಿದಳು. ಈಗ ಅವನು ನದಿಯ ದಡದಲ್ಲಿ, ಮನೆಯ ಕಡೆಯ ಸೇತುವೆ ಬುಡದಲ್ಲಿದ್ದ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದ. ಅತ್ತಿಗೆಯ ಬಸ್ಸು ಸೇತುವೆಗೆ ಬರುವ ಹೊತ್ತಿಗೆ ಒಂದು ಫೋನು ಮಾಡದಿದ್ದರೆ ಅವನಿಗೆ ಸಮಾಧಾನವಿಲ್ಲ.

ಆ ದಿನ ಮಧ್ಯಾಹ್ನವೇ ಆಕಾಶ ಮಸಿ ಹಿಡಿದ ಪಾತ್ರೆಯ ತಳದಂತಾಯಿತು. ಗಾಳಿ ಎದ್ದಿತು. ಮಳೆ ಜೋರಾಗುವ ಮೊದಲೇ ಮನೆ ಸೇರಿಕೊಳ್ಳಿ ಎಂದು ಕಾರ್ಖಾನೆಗಳು, ಆಫೀಸುಗಳು ಒಟ್ಟಿಗೆ ಬಿಟ್ಟವು. ಬಸ್ ನಿಲ್ದಾಣದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಎಲ್ಲರ ಕಿವಿಯಲ್ಲೂ ಫೋನು, ಯಾರ ಬಾಯಲ್ಲೂ ಮಾತಿಲ್ಲ. ಹಲ್ಲಕ್ಕ ಮೈದುನನ ನಂಬರು ಒತ್ತಿದಳು. ಪರದೆಯ ಮೇಲೆ ಸಿಗ್ನಲ್ಲಿನ ಕಡ್ಡಿಗಳಿದ್ದವು, ಕರೆ ಮಾತ್ರ ಹೋಗಲಿಲ್ಲ.

“ಕಡ್ಡಿ ಇದ್ದು ಏನ್ ಮಾಡ್ತೀಯಕ್ಕ?” ಎಂದ ಪರಿಚಯದ ಕಂಡಕ್ಟರು. “ಇರೋದೊಂದು ಟವರ್ರು, ಇಷ್ಟೂ ಜನ ಒಟ್ಟಿಗೆ ಬಾಗಿಲು ಬಡಿದ್ರೆ ಅದು ಯಾರಿಗಂತ ತೆಗೀಬೇಕು? ಮೇಲೆ ಈ ಮಳೆ, ಕರೆಂಟು ಬೇರೆ ಹೋಗಿದೆ.”

ಕತ್ತಲಾಗುವ ಹೊತ್ತಿಗೆ ಹೇಗೋ ಬಸ್ಸು ಹೊರಟಿತು. ಉಸಿರಿನ ಹಬೆಗೆ ಗಾಜುಗಳು ಬೆಳ್ಳಗಾಗಿ ಹೊರಗೇನೂ ಕಾಣುತ್ತಿರಲಿಲ್ಲ. ಸೇತುವೆಯ ದಾರಿಗೆ ತಿರುಗುವಾಗ ಅವಳ ಕೈಯೊಳಗೆ ಫೋನು ನಡುಗಿತು.

“ಅತ್ತಿಗೇ...” ಕರಕರ ಸದ್ದು. ಹಿಂದೆ ನೀರಿನ ಭೋರ್ಗರೆತ. “...ಸೇತುವೆ ಮೇಲೆ ಬರಬೇ...”

ಕರೆ ಕಡಿಯಿತು. ಮತ್ತೆ ಒತ್ತಿದಳು. ಮತ್ತೆ ಮತ್ತೆ ಒತ್ತಿದಳು. ಹೋಗಲೇ ಇಲ್ಲ.

ಬರಬೇಕು ಎಂದನೋ, ಬರಬೇಡಿ ಎಂದನೋ? ಹಲ್ಲಕ್ಕ ಅದನ್ನೇ ಗಟ್ಟಿಯಾಗಿ ಕೇಳಿದಾಗ ಪಕ್ಕದವರು ನಕ್ಕರು.

“ಬರಬೇಕು ಅಂತಾನೇ ಕಣಕ್ಕ. ನೀ ಹೋಗಿ ಒಲೆ ಹಚ್ಚಿದ್ರೆ ತಾನೇ ಅವನಿಗೆ ಊಟ?” ಎಂದ ಕಂಡಕ್ಟರು.

ಅವಳೂ ಇನ್ನೇನು ನಗಬೇಕು, ಅಷ್ಟರಲ್ಲಿ ಒಂದು ಮಾತು ಹೊಳೆಯಿತು. ಮೈದುನ ತನ್ನನ್ನು ಕರೆಯುವುದಾದರೆ ‘ಬನ್ನಿ’ ಎನ್ನುತ್ತಾನೆ. ‘ಬರಬೇಕು’ ಎನ್ನುವುದು ದೂರದ ನೆಂಟರ ಉಪಚಾರದ ಮಾತು. ಅವನ ಬಾಯಲ್ಲಿ ಅದು ಎಂದೂ ಬಂದದ್ದಿಲ್ಲ.

ಜನರನ್ನು ಸೀಳಿಕೊಂಡು ಮುಂದೆ ಹೋದಳು. “ಡ್ರೈವರಣ್ಣ, ನಿಲ್ಲಿಸಿ. ಸೇತುವೆ ಮೇಲೆ ಹೋಗ್ಬೇಡಿ.”

“ಮುಂದಿನ ಗಾಡಿಗಳೆಲ್ಲ ಹೋಗ್ತಿವೆಯಲ್ಲಮ್ಮ?”

“ಅವು ಹೋಗ್ಲಿ. ನೀವು ಬೇಡ.”

ಹಿಂದಿನಿಂದ ಜನ ಕೂಗಿದರು, ಮನೆಯಲ್ಲಿ ಮಕ್ಕಳು ಕಾಯುತ್ತಿದ್ದಾರೆ ಎಂದು ರೇಗಿದರು. ಬಸ್ಸು ನಿಧಾನವಾದದ್ದೇ ತಡ, ಹಲ್ಲಕ್ಕ ಕೆಳಗಿಳಿದು, ಓಡಿ, ಅದರ ಮುಂದೆಯೇ ನಿಂತುಬಿಟ್ಟಳು. ಡ್ರೈವರು ಬ್ರೇಕು ಒತ್ತಿ ತಲೆ ಚಚ್ಚಿಕೊಂಡ. ಹಿಂದಿದ್ದ ಬಿಳಿ ವ್ಯಾನು ಹಾರ್ನು ಬಾರಿಸುತ್ತ ಪಕ್ಕದಿಂದ ನುಗ್ಗಿತು. ಓಡಿಸುತ್ತಿದ್ದವನು ತಲೆ ಹೊರಗೆ ಹಾಕಿ, “ಸಾಯೋಕೆ ಬೇರೆ ಜಾಗ ಸಿಗಲಿಲ್ವೇನಮ್ಮ?” ಎಂದು ಬೈದು ಹೋದ.

ವ್ಯಾನಿನ ಕೆಂಪು ದೀಪಗಳು ಮಳೆಯೊಳಗೆ ಸೇತುವೆಯ ನಡುವಿನವರೆಗೂ ಕಂಡವು. ಆಮೇಲೆ ಕಾಣಲಿಲ್ಲ. ಸದ್ದೇನೂ ಕೇಳಿಸಲಿಲ್ಲ, ನದಿಯ ಮೊರೆತ ಎಲ್ಲವನ್ನೂ ನುಂಗಿತ್ತು. ಟಾರ್ಚು ಹಿಡಿದು ಮುಂದೆ ಹೋದ ಕಂಡಕ್ಟರು ಬಿಳಿಚಿಕೊಂಡು ಓಡಿ ಬಂದ. “ಸೇತುವೆ ಇಲ್ಲ... ನಡುವೆ ಇಲ್ಲ” ಎಂದಷ್ಟೇ ಹೇಳಿ, ಹಿಂದೆ ಬರುವ ಗಾಡಿಗಳನ್ನು ತಡೆಯಲು ಓಡಿದ.

ಬಸ್ಸಿನಲ್ಲಿದ್ದವರೆಲ್ಲ ಇಳಿದು ಫೋನು ಹಚ್ಚಿದರು. ಒಂದೂ ಹೋಗಲಿಲ್ಲ. ಹಲ್ಲಕ್ಕ ಆಚೆ ದಡದ ಕತ್ತಲನ್ನೇ ನೋಡುತ್ತ ನೆಂದಳು. ಪಂಪ್‌ಹೌಸಿನ ದೀಪ ಇರಬೇಕಾದಲ್ಲಿ ಏನೂ ಇರಲಿಲ್ಲ. ಮಳೆ ಇಳಿದು, ಅರ್ಧ ಜನ ಹಿಂದಿರುಗಿದ ಮೇಲೆ ಫೋನು ಟಣ್ ಎಂದಿತು. ಯಾವಾಗಲೋ ಕಳಿಸಿದ ಮೆಸೇಜು: ‘ಅತ್ತಿಗೆ ಬರಬೇಡಿ. ಸೇತುವೆ ಕಂಬ ವಾಲಿದೆ. ಈ ಕಡೆ ಗಾಡಿ ನಿಲ್ಲಿಸೋಕೆ ಹೋಗ್ತಿದೀನಿ.’ ಆಮೇಲೆ ಅವನಿಗೇನಾಯಿತೆಂದು ಅದರಲ್ಲಿ ಎಲ್ಲಿರಬೇಕು?

ಮರುದಿನ ನದಿಯ ಮೇಲ್ಭಾಗದ ಇನ್ನೊಂದು ಸೇತುವೆಯಿಂದ ಬಳಸಿಕೊಂಡು ಹೋದಳು. ಪಂಪ್‌ಹೌಸು ಕೊಚ್ಚಿಹೋಗಿತ್ತು. ಮೈದುನ ರಸ್ತೆಯ ಬದಿ ಕಂಬಳಿ ಹೊದ್ದು ಕೂತಿದ್ದ. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಹಲ್ಲಕ್ಕ ಅವನ ಬೆನ್ನಿಗೊಂದು ಬಲವಾಗಿ ಗುದ್ದಿದಳು. ಆಮೇಲೆ ಅವನ ತಲೆ ಹಿಡಿದುಕೊಂಡು ಅತ್ತಳು.

“ಪೂರ್ತಿ ಹೇಳೋಕೆ ಏನಾಗಿತ್ತೋ ನಿಂಗೆ?”

“ಹೇಳಿದ್ದೆ ಅತ್ತಿಗೆ,” ಎಂದ ಅವನು, ಗಾಳಿಯಂಥ ದನಿಯಲ್ಲಿ.

ದಡದ ಮೇಲೆ ಒಬ್ಬಳು ಹೆಂಗಸು ಫೋನು ಕಿವಿಗೊತ್ತಿಕೊಂಡು ನಿಂತಿದ್ದಳು. ಬಿಳಿ ವ್ಯಾನಿನವನ ಹೆಂಡತಿ. ಹಲ್ಲಕ್ಕನನ್ನು ಕಂಡು ಹತ್ತಿರ ಬಂದಳು.

“ನಿನ್ನೆಯಿಂದ ಸಿಗ್ತಿಲ್ಲ ಅಂತಾನೇ ಬರ್ತಿದೆ ಅಕ್ಕ. ಮಳೆಗೆ ನೆಟ್‌ವರ್ಕ್ ಹೋಗಿರುತ್ತೆ, ಅಲ್ವಾ?”

ಬಿಸಿಲು ಬಿದ್ದಿತ್ತು. ಸುತ್ತಲಿದ್ದವರ ಫೋನುಗಳೆಲ್ಲ ಒಂದರ ಹಿಂದೊಂದು ಮೊಳಗುತ್ತಿದ್ದವು. ಹಲ್ಲಕ್ಕ ಆ ಹೆಂಗಸಿನ ಕೈ ಹಿಡಿದು ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು.