ಕಳೆದುಹೋದ ನೌಕೆಗೊಂದು ಹರಕೆ

ಇವತ್ತು ಬೆಳಿಗ್ಗೆ ಸ್ಕೂಟರಿನ ಕೀ ಕಾಣಲಿಲ್ಲ. ಮೇಜಿನ ಮೇಲಿಲ್ಲ, ಪ್ಯಾಂಟಿನ ಕಿಸೆಯಲ್ಲಿಲ್ಲ, ಫ್ರಿಜ್ಜಿನ ತಲೆಯ ಮೇಲೂ ಇಲ್ಲ. ಮೊಬೈಲಿನ ಟಾರ್ಚು ಹಿಡಿದು ಮಂಚದ ಕೆಳಗೆ ತೂರಿಕೊಂಡೆ. ತೂರಿಕೊಂಡವನು ಬಂದ ಮೆಸೇಜು ಓದುತ್ತ ಅಲ್ಲೇ ಉಳಿದೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ಅಜ್ಜನಿಗೆ ಒಂದು ಚಕ್ಕುಲಿ ಹೇಳಿಕೊಳ್ಳಿ ಮಾರಾಯ್ರೆ, ಈಗ ಸಿಗ್ತದೆ." ಆ ಧೂಳಿನ ನಡುವೆ ನನ್ನ ಕಿವಿ ಬಿಸಿಯಾಯಿತು.

ನಿಮಗೆ ನಮ್ಮ ಕಡೆಯ ರೂಢಿ ಗೊತ್ತಿಲ್ಲದಿದ್ದರೆ ಹೇಳಿಬಿಡುತ್ತೇನೆ. ಇಲ್ಲಿ ಏನು ಕಳೆದರೂ ಜನ ಮೊದಲು ನೆನೆಯುವುದು ಕೊರಗಜ್ಜನೆಂಬ ದೈವವನ್ನು. ಚಿನ್ನದ ಬಳೆಯಿರಲಿ, ಹಟ್ಟಿ ತಪ್ಪಿದ ದನವಿರಲಿ, ರೇಷನ್ ಕಾರ್ಡಿರಲಿ, 'ಅಜ್ಜಾ, ಸಿಕ್ಕಿದರೆ ಚಕ್ಕುಲಿ, ಎಲೆಯಡಿಕೆ ಇಡುತ್ತೇನೆ' ಎಂದರೆ ಅರ್ಧ ಸಿಕ್ಕ ಹಾಗೆ. ಸಿಕ್ಕ ಮೇಲೆ ಅಜ್ಜನ ಕಟ್ಟೆಗೆ ಹೋಗಿ ಹರಕೆ ಒಪ್ಪಿಸಬೇಕು. ನಮ್ಮೂರ ಕಟ್ಟೆಯಲ್ಲಿ ಕಳೆದದ್ದು ಏನೆಂದು ಹೆಸರೆತ್ತಿ ಹೇಳಿಯೇ ಒಪ್ಪಿಸುವ ಕ್ರಮ. ನನ್ನ ಮಾನ ಹೋದದ್ದು ಆ ಹೆಸರೆತ್ತಿ ಹೇಳುವಲ್ಲಿ.

ಆಗ ನಮ್ಮ ಮನೆ ಅಲೆವೂರಿನಲ್ಲಿತ್ತು. ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ನನಗೆ ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ, ಮನೆಯಲ್ಲಿ ಅಮ್ಮ ಮತ್ತು ನಾನು. ಬನ್ನಂಜೆಯ ಒಂದು ಅಂಗಡಿಯಲ್ಲಿ ಟೈಲ್ಸು, ನಲ್ಲಿ, ಬಚ್ಚಲುಮನೆಯ ಸಾಮಾನು ಮಾರುವುದು ನನ್ನ ಕೆಲಸ. ದುಬಾಯಿಯಿಂದ ರಜೆಗೆ ಬಂದು ಮನೆ ಕಟ್ಟಿಸುವವರ ಮುಂದೆ ಕಮೋಡಿನ ಗುಣಗಾನ ಮಾಡಿ ಮಾಡಿ ಸಂಜೆಯಾಗುವಾಗ ನನ್ನ ಮೇಲೆ ನನಗೇ ಬೇಸರ ಬಂದಿರುತ್ತಿತ್ತು. ಹಾಗಾಗಿ ನೇರ ಮನೆಗೆ ಹೋಗದೆ ಮಣಿಪಾಲದ ಬಸ್ಸು ಹತ್ತುತ್ತಿದ್ದೆ. ಅಲ್ಲಿ ಕಾಮತರದ್ದೊಂದು ಸೈಬರ್ ಕೆಫೆ. ಕಾಲೇಜು ಹುಡುಗರು ಸಾಲಾಗಿ ಕುಳಿತು ಬಂದೂಕಿನಲ್ಲಿ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದರೆ, ಮೂಲೆಯ ಕಂಪ್ಯೂಟರಿನಲ್ಲಿ ಈ ಮೀಸೆಯ ಗಂಡಸು ಬಾಹ್ಯಾಕಾಶದಲ್ಲಿರುತ್ತಿದ್ದ.

ಅದೊಂದು ಆನ್‌ಲೈನ್ ಆಟ. ಎಲ್ಲೆಲ್ಲಿಯ ಜನವೋ ಒಂದೇ ಆಕಾಶದಲ್ಲಿ ತಮ್ಮ ತಮ್ಮ ನೌಕೆ ಓಡಿಸುತ್ತಾರೆ. ಕೆಲವರದ್ದು ಯುದ್ಧ, ಕೆಲವರದ್ದು ವ್ಯಾಪಾರ. ನಾನು ತಿಂಗಳುಗಟ್ಟಲೆ ಅಲ್ಲಿ ತೇಲುವ ಬಂಡೆಗಳನ್ನು ಒಡೆದು ಮಾರಿದೆ. ಕಾರ್ಕಳದ ಕಲ್ಲುಕೋರೆಯಲ್ಲಿ ನನ್ನ ಸೋದರಮಾವ ಸಂಬಳ ಪಡೆದು ಮಾಡುತ್ತಿದ್ದ ಕೆಲಸವನ್ನು ನಾನು ಕಾಮತರಿಗೆ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಮಾಡುತ್ತಿದ್ದೆ. ಹಾಗೆ ಗಳಿಸಿದ್ದರಲ್ಲಿ ಒಂದು ಚಂದದ ಸಣ್ಣ ನೌಕೆ ಕೊಂಡು, ಇನ್ನು ಮೇಲೆ ಅನ್ವೇಷಣೆ ಎಂದು ಹೊರಟೆ.

ಅನ್ವೇಷಣೆಯೆಂದರೆ, ನೌಕೆಯಿಂದ ಶೋಧಕಗಳನ್ನು ಹಾರಿಬಿಟ್ಟು, ಅವು ಹಿಡಿದು ತರುವ ಸಂಕೇತಗಳ ಜಾಡಿನಲ್ಲಿ ಗುಪ್ತ ದ್ವಾರಗಳನ್ನು ಪತ್ತೆ ಹಚ್ಚುವುದು. ದ್ವಾರದಾಚೆ ನಕ್ಷೆಯಲ್ಲಿಲ್ಲದ ಆಕಾಶ. ಮೊದಲ ಸಂಜೆಯೇ ನನಗೊಂದು ದ್ವಾರ ಸಿಕ್ಕಿತು. ಹಿಂದೆಮುಂದೆ ನೋಡದೆ ನುಗ್ಗಿದೆ. ಒಳಗೆ ನೇರಳೆ ಬಣ್ಣದ ಮೋಡ, ಹೆಸರಿಲ್ಲದ ಸೂರ್ಯ. ಬಾಯಿ ಬಿಟ್ಟುಕೊಂಡು ಸುತ್ತುತ್ತಿರುವಾಗ ಹಿಂದಿನ ದ್ವಾರ ಮುಚ್ಚಿಹೋಯಿತು. ಇಂಥ ದ್ವಾರಗಳು ಸ್ವಲ್ಪ ಹೊತ್ತಿಗೆ ಮುಚ್ಚುತ್ತವೆಂಬುದು ಗೊತ್ತಿರಲಿಲ್ಲ. ಗಾಬರಿಯಲ್ಲಿ ಶೋಧಕಗಳನ್ನು ವಾಪಸು ಕರೆಯದೆ ಕಂಪ್ಯೂಟರ್ ಬಂದ್ ಮಾಡಿ ಅವುಗಳಲ್ಲಿ ಹೆಚ್ಚಿನವನ್ನೂ ಕಳೆದುಕೊಂಡೆ.

ಆ ರಾತ್ರಿ ಅನ್ನ ಸೇರಲಿಲ್ಲ. ಅಮ್ಮ ಕೇಳಿದಳು, "ಎಂತ ಆಯ್ತು?"

"ಒಂದು ಕಳೆದುಹೋಗಿದೆ."

"ಎಂತ ಅದು?"

"ನಿನಗೆ ಅರ್ಥ ಆಗ್ಲಿಕ್ಕಿಲ್ಲ ಅಮ್ಮ."

"ಬೆಲೆ ಉಂಟಾ ಅದಕ್ಕೆ?"

"ಹೂಂ."

ಅಮ್ಮ ಅಂಗಳಕ್ಕಿಳಿದು ಕೈಮುಗಿದಳು. "ಅಜ್ಜಾ, ಎಂತ ಅಂತ ನನಗೆ ಗೊತ್ತಿಲ್ಲ, ನಿನಗೆ ಗೊತ್ತುಂಟು. ಮಗನ ವಸ್ತು ಸಿಗುವವರೆಗೆ ನಾನು ಎಲೆಯಡಿಕೆ ಮುಟ್ಟುವುದಿಲ್ಲ."

ನಮ್ಮ ಅಮ್ಮನನ್ನು ನೀವು ನೋಡಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟರೆ ಚಾ, ಚಾ ಆದ ಕೂಡಲೇ ಎಲೆಯಡಿಕೆ. ಜ್ವರ ಬಂದಾಗಲೂ ಬಿಟ್ಟವಳಲ್ಲ. ಅಂಥವಳು ಎಲೆಯಡಿಕೆಯ ಹರಿವಾಣವನ್ನು ಒರೆಸಿ ಕಪಾಟಿನ ಮೇಲೆ ಬೋರಲು ಹಾಕಿದಳು. ಅದು ಆಟದ ಸಾಮಾನು ಎಂದು ಹೇಳಿಬಿಡಲು ಆಗಲೂ ಹೊತ್ತಿತ್ತು, ನಾಲಿಗೆ ಏಳಲಿಲ್ಲ. ಸಿಕ್ಕಿತು ಎಂದು ಸುಳ್ಳು ಹೇಳೋಣವೆಂದರೆ ಅಜ್ಜನ ಹೆಸರಿನಲ್ಲಿ ಸುಳ್ಳಾಡುವ ಧೈರ್ಯ ನಮ್ಮ ಊರಿನಲ್ಲಿ ಹುಟ್ಟಿದವನಿಗೆ ಎಲ್ಲಿಂದ ಬರಬೇಕು?

ಹುಡುಕುವುದೊಂದೇ ದಾರಿ. ನೌಕೆಯನ್ನು ಅಲ್ಲೇ ಸುಟ್ಟು ಹೊಸದಾಗಿ ಶುರು ಮಾಡಲು ಆಟದಲ್ಲಿ ಅವಕಾಶವಿತ್ತು, ಹರಕೆಯಲ್ಲಿ ಇರಲಿಲ್ಲ. ದಿನಾ ಸಂಜೆ ಉಳಿದ ನಾಲ್ಕಾರು ಶೋಧಕಗಳನ್ನು ಹಾರಿಬಿಟ್ಟು ಕೂರುತ್ತಿದ್ದೆ. ಮನೆಗೆ ಬಂದರೆ ಅಮ್ಮ ಬಾಗಿಲಲ್ಲಿ. "ಸಿಕ್ಕಿತಾ?" ಎಂದು ಕೇಳುವ ಬಾಯಿ ಸದಾ ಕೆಂಪಾಗಿರುತ್ತಿದ್ದದ್ದು ಬಿಳಿಚಿಕೊಂಡಿತ್ತು. ತಲೆನೋವೆಂದು ಹಣೆಗೆ ಬಟ್ಟೆ ಕಟ್ಟಿಕೊಂಡು ದೋಸೆ ಹೊಯ್ಯುತ್ತಿದ್ದಳು. ಅದನ್ನು ತಿನ್ನುವಾಗ ನನಗೆ ಸತ್ತುಹೋಗುವಷ್ಟು ನಾಚಿಕೆಯಾಗುತ್ತಿತ್ತು. ತಿನ್ನುವುದನ್ನೇನೂ ಬಿಡಲಿಲ್ಲ.

ಕೊನೆಗೊಂದು ಸಂಜೆ ಸಂಕೇತ ಗಟ್ಟಿಯಾಗಿ ಸಿಕ್ಕಿತು. ಹೋದೆ, ದ್ವಾರ, ದಾಟಿದೆ, ಪರಿಚಿತ ಆಕಾಶ! "ಅಜ್ಜಾ!" ಎಂದು ಕೂಗಿಯೇಬಿಟ್ಟೆ. ಬಂದೂಕಿನ ಹುಡುಗರೆಲ್ಲ ಕೊಲ್ಲುವುದನ್ನು ನಿಲ್ಲಿಸಿ ತಿರುಗಿ ನೋಡಿದರು.

ಮರುದಿನ ಅಮ್ಮನೊಂದಿಗೆ ಕಟ್ಟೆಗೆ ಹೋದರೆ ಅಲ್ಲಿ ನೆರೆಹೊರೆಯವರು ನಾಲ್ಕು ಜನ ಸೇರಿದ್ದರು. ಕಟ್ಟೆ ನೋಡಿಕೊಳ್ಳುವ ಬಾಬಣ್ಣ ಚಕ್ಕುಲಿ, ಎಲೆಯಡಿಕೆ ಇಟ್ಟು ನನ್ನ ಕಡೆ ತಿರುಗಿದರು. "ಕಳೆದದ್ದು ಎಂತ? ಬಾಯಿ ಬಿಟ್ಟು ಹೇಳು."

"ಒಂದು ನೌಕೆ."

"ಬೋಟಾ? ಕಾಪುವಿನ ಕಡಲಲ್ಲಿ ಬೋಟು ಯಾವಾಗ ಮಾಡಿದೆ ಮಾರಾಯ?"

"ಬೋಟಲ್ಲ ಬಾಬಣ್ಣ. ಆಕಾಶದಲ್ಲಿ ಹೋಗುವಂಥದ್ದು. ಕಂಪ್ಯೂಟರಿನ ಆಟದ್ದು."

ಹಿಂದೆ ಯಾರೋ ಕಿಸಕ್ಕೆಂದರು. ಬಾಬಣ್ಣನೂ ನಕ್ಕುಬಿಟ್ಟಿದ್ದರೆ ಹಗುರವಾಗುತ್ತಿತ್ತೇನೋ. ಅವರು ನಗಲಿಲ್ಲ. ಕಟ್ಟೆಯ ಮೇಲಿನ ಅಜ್ಜನ ಕಲ್ಲಿನ ಕಡೆ ತಿರುಗಿ ಗಟ್ಟಿ ಸ್ವರದಲ್ಲಿ, "ಅಜ್ಜಾ, ಆಟದ ವಿಮಾನ ಅಂತೆ. ಸಿಕ್ಕಿತಂತೆ. ತಾಯಿ-ಮಗ ತಂದು ಇಟ್ಟಿದ್ದಾರೆ, ಒಪ್ಪಿಸಿಕೋ" ಎಂದರು. ನಾನು ಅಮ್ಮನ ಮುಖ ನೋಡಲಿಲ್ಲ. ನನಗಾಗಿ ಬಾಯಿ ಕಟ್ಟಿಕೊಂಡವಳು ಜನರೆದುರು ನಗೆಪಾಟಲಾದಳಲ್ಲ ಎಂದು ನೆಲ ನೋಡುತ್ತ ನಿಂತಿದ್ದೆ.

ಅಮ್ಮ ಮನೆಗೆ ಬಂದು, ಹರಿವಾಣ ಇಳಿಸಿ, ಎಲೆಗೆ ಸುಣ್ಣ ಸವರಿ, ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಆಮೇಲೆ ಹೇಳಿದಳು: "ಅದನ್ನು ನನಗೊಮ್ಮೆ ತೋರಿಸು."

ಭಾನುವಾರ ಅಮ್ಮ ಮದುವೆಮನೆಗೆ ಉಡುವ ಸೀರೆ ಉಟ್ಟು ಕಾಮತರ ಕೆಫೆಗೆ ಬಂದಳು. ಹುಡುಗರು ಎದ್ದು ಕುರ್ಚಿ ಕೊಟ್ಟರು. ನಾನು ನೌಕೆ ತೋರಿಸಿದೆ. ಇಡೀ ಪರದೆ ಕಪ್ಪು, ಅಲ್ಲಲ್ಲಿ ನಕ್ಷತ್ರ, ನಡುವೆ ಗುಬ್ಬಿಯಷ್ಟು ನೌಕೆ. ಅಮ್ಮ ತುಂಬ ಹೊತ್ತು ನೋಡಿದಳು.

"ಇದರೊಳಗೆ ಯಾರ್ಯಾರು ಉಂಟು?"

"ನಾನೊಬ್ಬನೇ."

"ದಿನಾ ಇಲ್ಲಿಗೇ ಬರ್ತಿದ್ದದ್ದಾ ನೀನು?"

"ಹೂಂ."

"ನನಗೆ ಗೊತ್ತಿರಲಿಲ್ಲ ಮಗಾ," ಎಂದಳು. "ಗೊತ್ತಿದ್ದರೆ ಕಳೆದದ್ದು ಅಂತ ಅಜ್ಜನ ಹತ್ತಿರ ನಿನ್ನ ಹೆಸರೇ ಹೇಳ್ತಿದ್ದೆ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ. ಆ ಆಟ ಬಿಟ್ಟೆ. ಮುಂದೆ ಮದುವೆಯೂ ಆಯಿತು. ಅಮ್ಮ ಹೋದಳು, ಹರಿವಾಣ ಉಂಟು. ಕಟ್ಟೆಯ ಆ ದಿನದಿಂದ ಪರ್ಸು ಕಳೆದರೂ ಕೊಡೆ ಕಳೆದರೂ ನಾನು ಹರಕೆ ಹೇಳಿಕೊಂಡವನಲ್ಲ.

ಮಂಚದ ಕೆಳಗಿಂದ ಹೊರಬಂದೆ. ಮೊಬೈಲನ್ನು ದಿಂಬಿನ ಕೆಳಗಿಟ್ಟೆ. ಅಡುಗೆಮನೆಯ ಬಾಗಿಲಿಗೆ ಹೋಗಿ, ಹೆಂಡತಿಗೆ ಕೇಳುವ ಹಾಗೆ, "ಅಜ್ಜಾ, ಸ್ಕೂಟರಿನ ಕೀ ಸಿಕ್ಕಿದರೆ ಒಂದು ಕಟ್ಟು ಚಕ್ಕುಲಿ" ಎಂದೆ. ಅವಳು ನಕ್ಕು ಒಗ್ಗರಣೆಯ ಕಡೆ ತಿರುಗಿದಳು. ಅವಳು ತಿರುಗಿದ ಮೇಲೆ, ಅಮ್ಮ ಹೇಳಲಾಗದೆ ಹೋದ ನನ್ನ ಹೆಸರನ್ನೂ ಮೆಲ್ಲನೆ ಸೇರಿಸಿದೆ.