ಕೆಂಭಾವಿಯಲ್ಲಿಲ್ಲದ ತವರು

ಈ ಬೆಳಿಗ್ಗೆ ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಕುದಿಯಲು ಇಟ್ಟೆ. ಆಗಷ್ಟೇ ಸುಣ್ಣ ಬಳಿದ ಗೋಡೆಯಂಥ ವಾಸನೆ ಅಡುಗೆಮನೆ ತುಂಬಿತು. ಆಯಿ, ನನ್ನ ಅಪ್ಪನ ತಾಯಿ, ಹೀಗೆಯೇ ಕುದಿಸಿ, ಸಿಪ್ಪೆ ತಿಕ್ಕಿ, ರುಬ್ಬಿ ರೊಟ್ಟಿ ತಟ್ಟುತ್ತಿದ್ದಳು. ರಂಗಂಪೇಟೆಯಲ್ಲಿ ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಕೇಳಿದವರಿಗೆ ಅಜ್ಜ, "ಕೆಂಭಾವಿ ಕಡಿ ಹಂಗ ಮಾಡ್ತಾರ" ಎನ್ನುತ್ತಿದ್ದ.

ಈ ವಾಸನೆಗೆ ಆಯಿಗಿಂತ ಮೊದಲು ನೆನಪಾಗುವವನು ನಮ್ಮ ಮನೆತನದ ಹೆಳವ. ಅದೂ ನನಗೆ ಸಹಿಸದ ಸಂಗತಿ.

ಸುಗ್ಗಿ ಮುಗಿದ ಮೇಲೆ, ಎರಡು ಮೂರು ವರ್ಷಕ್ಕೊಮ್ಮೆ, ಎತ್ತಿನ ಮೇಲೆ ಕುಳಿತು ಬರುತ್ತಿದ್ದ. ಗಂಟೆ ಬಾರಿಸಿ ನಮ್ಮ ಹತ್ತು ತಲೆಮಾರಿನ ಹೆಸರುಗಳನ್ನು ಉಸಿರು ಬಿಡದೆ ಹೇಳಿ, ಜೋಳ, ರುಮಾಲು ಪಡೆದು ಹೋಗುತ್ತಿದ್ದ. ಕಣ್ಣು ಮುಚ್ಚಿ, ನಮ್ಮನ್ನೆಲ್ಲ ತಾನೇ ಹುಟ್ಟಿಸಿದ ಗತ್ತಿನಲ್ಲಿ...

ನನಗಾಗ ಹನ್ನೊಂದು ವರ್ಷ. "ಈ ಮನಿ ಸೊಸಿ, ಕೆಂಭಾವಿ ದೊಡ್ಡಮನಿ ಮಗಳು" ಎಂದು ಅವನು ರಾಗ ಎಳೆದಾಗ ಆಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಆ ದೊಡ್ಡಮನಿ ಯಾವ ಓಣ್ಯಾಗ ಅದ ಹೇಳಪಾ. ನಾನೂ ಒಮ್ಮಿ ತವರಿಗಿ ಹೋಗಿ ಬರ್ತೀನಿ."

"ಏ ಯವ್ವಾ, ನಿನ್ನ ತವರಿನ ದಾರಿ ನನಗ ಕೇಳ್ತಿಯಲ್ಲ! ಮುದುಕಿಗಿ ಅರವು ಮರವು ಆಗ್ಯಾದ್ರಿ, ಕಂಪೌಂಡರ್ ಸಾಹೇಬ್ರ!"

ಅಂಗಳವೆಲ್ಲ ನಕ್ಕಿತು. ಅಜ್ಜ ನಕ್ಕ. ನಾನೂ ನಕ್ಕೆ. ಆಯಿ ಒಳಗೆ ಹೋದಳು.

ನಾನು ಡಿಗ್ರಿ ಓದುವಾಗ ಅವಳು ತೀರಿಕೊಂಡಳು. ಅವಳ ಟ್ರಂಕಿನಲ್ಲಿ ದಾದಿಯರ ಗುಂಪಿನ ಫೋಟೊ ಒಂದು, ಹುಟ್ಟಿದ ದೇಶ ಮೆಕ್ಸಿಕೊ ಎಂದಿದ್ದ ಕಾಗದ ಒಂದು ಸಿಕ್ಕವು. ಊರಿನ ಹೆಸರಿದ್ದ ಮೂಲೆಯನ್ನು ಗೆದ್ದಲು ತಿಂದಿತ್ತು. ಅಪ್ಪನಿಂದ ಕಷ್ಟಪಟ್ಟು ಹೊರಡಿಸಿದ್ದು ಇಷ್ಟೇ: ಯಾದಗಿರಿ ಕಡೆಯ ಮಿಷನ್ ದವಾಖಾನೆಗೆ ಅವಳು ದಾದಿಯಾಗಿ ಬಂದಿದ್ದಳು, ಅಜ್ಜ ಅಲ್ಲೇ ಕಂಪೌಂಡರ್ ಆಗಿದ್ದ, ಕುಲದವರಿಗೆ ಹೆದರಿ ಅವಳಿಗೊಂದು ಸುಳ್ಳು ತವರು ಕಟ್ಟಿದ. "ಊರ ಹೆಸರು ಹೆಳವಗ ಗೊತ್ತಿರಬೇಕು. ಬರ್ಕೋ ಅಂತ ಅವ್ವನೇ ಅವಂಗ ಹೇಳಿದ್ಲು."

ಶಹಾಪುರದಿಂದ ಆಟೊ ಹಿಡಿದು ಗೋಗಿಯ ಆಚೆ ಇದ್ದ ಅವನ ಊರಿಗೆ ಹೋದೆ. ಮುದುಕ ಹೊರಸಿನ ಮೇಲೆ ಎಲೆ ಅಗಿಯುತ್ತ ಮಲಗಿದ್ದ.

"ಹೇಳಿದ್ಲವ್ವಾ, ಎರಡು ಸಲ ಹೇಳಿದ್ಲು. ನಿಮ್ಮಜ್ಜ ಬ್ಯಾಡಂದ. ಬರೀಲಿಲ್ಲ."

"ನೆನಪರೆ ಅದ ಏನು?"

"ಬಾಯಿಗಿ ಬರಲಾರದ ಹೆಸರ. ಮರತೆ. ಚಹಾ ಕುಡೀತಿಯೇನು?"

ಕುಡಿಯಲಿಲ್ಲ. ಅಜ್ಜ ಹೇಡಿ, ಅದು ಅರ್ಥವಾಗುತ್ತದೆ. ಆದರೆ ಹತ್ತು ತಲೆಮಾರಿನ ಗಂಡಸರು, ಅವರಲ್ಲಿ ಎಷ್ಟು ಮಂದಿ ಸೋಮಾರಿಗಳೋ, ಅವರೆಲ್ಲ ಇವನ ನಾಲಗೆಯ ಮೇಲೆ ಕ್ಷೇಮವಾಗಿದ್ದರು. ಒಬ್ಬ ಹೆಂಗಸಿನ ಒಂದೇ ಒಂದು ಊರಿಗೆ ಅಲ್ಲಿ ಜಾಗವಿರಲಿಲ್ಲ. ನೆನಪಿಡುವುದೇ ಕಸುಬಾದವನಿಗೆ ಮರೆತೆ ಎನ್ನಲು ನಾಚಿಕೆಯೂ ಆಗಲಿಲ್ಲ.

ನಿನ್ನೆ ಅವನ ಮಗ ಮೋಟಾರ್‌ಸೈಕಲ್ ಮೇಲೆ ಬಂದಿದ್ದ. ತನ್ನಪ್ಪ ತೀರಿಕೊಂಡ ಎಂದ. ನಾನು ಅವರ ವಂಶಾವಳಿಯ ಪುಸ್ತಕ ತೆಗೆಸಿ, ಕೆಂಭಾವಿಯನ್ನು ಹೊಡೆದುಹಾಕಿಸಿ, ಮೆಕ್ಸಿಕೊ ಎಂದು ಬರೆಸಿದೆ. ಅವನು ತಕರಾರಿಲ್ಲದೆ ಬರೆದ. ಆಮೇಲೆ ಪೆನ್ನು ಎತ್ತಿ ಹಿಡಿದು ಕೇಳಿದ:

"ಅದರಾಗ ಯಾವ ಊರ್ರಿ, ಅಕ್ಕಾರ?"

ಅಂಗಳದಲ್ಲಿ ನಗುವವರು ಯಾರೂ ಇರಲಿಲ್ಲ. ಇಪ್ಪತ್ತು ವರ್ಷ ಅವಳ ಕೈಯ ರೊಟ್ಟಿ ತಿಂದವಳು ನಾನು... ಒಂದು ದಿನವೂ ಕೇಳಿರಲಿಲ್ಲ.