ಮರಳಿನಲ್ಲಿ ಹಿಮದ ಅಭ್ಯಾಸ

ನನ್ನ ಕಾರಿನಲ್ಲಿ ಗೇರಿನ ಪಕ್ಕಕ್ಕೆ ಹೆಬ್ಬೆರಳಿನ ಉಗುರಿನಷ್ಟೇ ಅಗಲದ ಒಂದು ಗುಂಡಿಯಿದೆ. ಅದರ ಮೇಲೆ ಆರು ದಳಗಳ ಒಂದು ಹಿಮದ ಹೂವಿನ ಚಿತ್ರ. ಕಾರು ಕೊಂಡ ದಿನ ಅದು ಎ.ಸಿ.ಗೆ ಸಂಬಂಧಿಸಿದ್ದೆಂದು ಭಾವಿಸಿದ್ದೆ, ಎ.ಸಿ. ಆಗಲೇ ಹಲ್ಲು ಕಟಕಟಿಸುವಷ್ಟು ತಣ್ಣಗಿದ್ದುದರಿಂದ ಒತ್ತುವ ಗೋಜಿಗೆ ಹೋಗಲಿಲ್ಲ. ಹಿಮ ಬಿದ್ದ ರಸ್ತೆಯಲ್ಲಿ ಕಾರನ್ನು ಮೆಲ್ಲಗೆ ಹೊರಡಿಸುವ ವ್ಯವಸ್ಥೆ ಅದೆಂದು ಆಮೇಲೆ ತಿಳಿಯಿತು. ವರ್ಷದ ಅರ್ಧ ಭಾಗ ಸ್ಟಿಯರಿಂಗ್ ಮುಟ್ಟಿದರೆ ಅಂಗೈ ಸುಡುವ ಈ ದೇಶದಲ್ಲಿ ಇದಕ್ಕಿಂತ ಪರಿಪೂರ್ಣ ನಿರುದ್ಯೋಗಿ ಇನ್ನೊಂದಿರಲಾರದು.

ಕಾರಿನ ವಿಚಾರ ನಿಮಗೆ ಸ್ವಲ್ಪ ಹೇಳಬೇಕು. ನಾವಿರುವುದು ಅಬುಧಾಬಿಯ ಖಲೀಫಾ ಸಿಟಿಯಲ್ಲಿ, ನನ್ನ ಹೆಂಡತಿ ಶಶಿಕಲಾ ಗಣಿತ ಕಲಿಸುವ ಶಾಲೆಗೆ ನಡೆದೇ ಹೋಗಬಹುದಾದಷ್ಟು ಹತ್ತಿರ. ನನ್ನ ಕಛೇರಿಯಿರುವುದು ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ, ಹೋಗಿ ಬರಲು ದಿನಕ್ಕೆ ಎರಡೂವರೆ ತಾಸು. ಮಗಳು ಓದಲೆಂದು ಮಣಿಪಾಲಕ್ಕೆ ಹೋದ ವರ್ಷ, ಇನ್ನು ನಮಗೆ ಎರಡೇ ಸೀಟು ಸಾಕೆಂಬ ವೈರಾಗ್ಯದ ಮುಖವಾಡ ತೊಟ್ಟು, ಐವತ್ತರ ಅಂಚಿನಲ್ಲಿ ನಾನು ಈ ಕೆಂಪು ಸ್ಪೋರ್ಟ್ಸ್ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಇದರ ಎಂಜಿನ್ನಿನ ಬಲವೆಲ್ಲ ಹಿಂದಿನ ಎರಡು ಚಕ್ರಗಳಿಗೇ ಸಲ್ಲುತ್ತದೆ. ಮುಂದಿನ ಚಕ್ರಗಳು ದಾರಿ ತೋರಿಸುತ್ತವೆ, ಹಿಂದಿನವು ತಳ್ಳುತ್ತವೆ. ಇಬ್ಬರಲ್ಲಿ ಒಮ್ಮತ ತಪ್ಪಿದರೆ ಬಾಲವೇ ಮೆರವಣಿಗೆಯ ಮುಂದಾಳಾಗುತ್ತದೆ. ಶಶಿಕಲಾ ಇದರೊಳಗೆ ಕೂರುವುದನ್ನು ‘ಇಳಿಯುವುದು’ ಎನ್ನುತ್ತಾಳೆ, ಏಳುವುದನ್ನು ‘ಹತ್ತುವುದು’ ಎನ್ನುತ್ತಾಳೆ, ಎರಡಕ್ಕೂ ಸೊಂಟ ಹಿಡಿದುಕೊಳ್ಳುತ್ತಾಳೆ.

ನನ್ನ ಬಲಗಾಲು ಸ್ವಭಾವತಃ ಚಂಚಲ. ಸಿಗ್ನಲ್ಲಿನಲ್ಲಿ ನಿಂತಾಗಲೂ, ಮೀಟಿಂಗಿನಲ್ಲಿ ಕೂತಾಗಲೂ, ಊಟದ ಮೇಜಿನ ಕೆಳಗೂ ಅದು ಯಾವುದೋ ಅಗೋಚರ ಪೆಡಲನ್ನು ಒತ್ತುತ್ತಲೇ ಇರುತ್ತದೆ. ಈ ಡಿಸೆಂಬರಿನಲ್ಲಿ ಆ ಚಾಂಚಲ್ಯಕ್ಕೆ ಸಕಾರಣವೊಂದು ಒದಗಿತು. ನಮ್ಮ ವಿಭಾಗವನ್ನು ಇಲ್ಲಿ ಮುಚ್ಚುತ್ತಾರಂತೆ. ನನಗೆ ಬೇಕಿದ್ದರೆ ಯುರೋಪಿನ ಉತ್ತರದ ತುದಿಯ ಒಂದು ಸಣ್ಣ ಪಟ್ಟಣದಲ್ಲಿ, ವರ್ಷಕ್ಕೆ ಐದು ತಿಂಗಳು ಹಿಮ ಬೀಳುವ ಕಡೆ, ಅದೇ ಕೆಲಸ ಸಿಗುತ್ತದೆ. ಉತ್ತರ ಹತ್ತು ದಿನದಲ್ಲಿ, ಅಂದರೆ ಮುಂದಿನ ವಾರ ಕಳೆದು ಬರುವ ಸೋಮವಾರದೊಳಗೆ ಬೇಕು. ಬೇಡವೆಂದರೆ ಕೆಲಸದೊಡನೆ ನನ್ನ ವೀಸಾವೂ ಖಲಾಸ್. ಕಾರನ್ನು ಹಡಗಿನಲ್ಲಿ ಕಳಿಸುವ ವೆಚ್ಚ ಕಂಪನಿಯದ್ದೇ ಎಂಬ ಒಂದು ವಾಕ್ಯ ಪತ್ರದ ಕೊನೆಯಲ್ಲಿತ್ತು. ನನ್ನ ಬುದ್ಧಿ ಅಲ್ಲಿಗೇ ಹೋಗಿ ಅಂಟಿಕೊಂಡಿತು.

ಹಿಂದಿನ ಚಕ್ರ ತಳ್ಳುವ ಕಾರು ಹಿಮದಲ್ಲಿ ಹೋದೀತೇ? ಈ ಪ್ರಶ್ನೆ ಹಿಡಿದು ನಾನು ಒಂದು ವಾರ ಜನರ ತಲೆ ತಿಂದೆ. ಹಿಮವನ್ನೇ ಕಾಣದ ನಮ್ಮ ಕರಾವಳಿಯವರೆಲ್ಲ ಹಿಮದ ಬಗ್ಗೆ ಎಷ್ಟು ಖಚಿತವಾಗಿ ಮಾತಾಡಬಲ್ಲರೆಂದು ಆಗಲೇ ಗೊತ್ತಾದದ್ದು. ಒಬ್ಬರು ಮಾತಿನಲ್ಲೇ ಟಯರಿಗೆ ಸರಪಳಿ ಕಟ್ಟಿಸಿದರು, ಇನ್ನೊಬ್ಬರು ಕಾರನ್ನೇ ಮಾರಿಸಿದರು. ಅಲ್ ಕೂಜ್‌ನಲ್ಲಿ ಗ್ಯಾರೇಜಿಟ್ಟಿರುವ, ನಮ್ಮ ಊರಿನ ಕಡೆಯವರೇ ಆದ ಇಬ್ರಾಹಿಂ ಬ್ಯಾರಿಗಳು ಮಾತ್ರ ಕೈಯ ಗ್ರೀಸು ಒರೆಸಿಕೊಳ್ಳುತ್ತ ತುಸು ಯೋಚಿಸಿದರು.

"ಇಲ್ಲಿ ಹಿಮ ಮಾಫಿ, ಶೆಟ್ರೆ. ನಾನು ನೋಡಿದ್ದು ಫ್ರೀಜರಲ್ಲಿ ಮಾತ್ರ," ಎಂದರು. ಮಾಫಿ ಎಂದರೆ ಇಲ್ಲಿನ ಮಾತಿನಲ್ಲಿ ಇಲ್ಲವೆಂದು ಅರ್ಥ. "ಆದ್ರೆ ಹಿಂದೆ ಭಾರ ಇದ್ರೆ ಚಕ್ರ ಹಿಡೀತದೆ ಅಂತ ಕೇಳಿದ್ದುಂಟು."

ಹಿಮದ ನಾಡಿನವರು ಡಿಕ್ಕಿಯಲ್ಲಿ ಮರಳಿನ ಚೀಲ ಇಡುತ್ತಾರಂತೆ. ಮರುಭೂಮಿಯಲ್ಲಿ ಕೂತು ಚೀಲಕ್ಕೆ ಮರಳು ತುಂಬಲು ನನಗೆ ಮನಸ್ಸೊಪ್ಪಲಿಲ್ಲ. ಮನೆಯಲ್ಲಿ ಹತ್ತತ್ತು ಕಿಲೋದ ಮೂರು ಚೀಲ ಕುಚ್ಚಲಕ್ಕಿಯಿತ್ತು. ಕರಾವಳಿಯವನ ಬಾಳಿನಲ್ಲಿ ಅದಕ್ಕಿಂತ ನಂಬಿಕಸ್ಥ ಭಾರ ಬೇರೆ ಯಾವುದು? ಶನಿವಾರ ಬೆಳಿಗ್ಗೆ ಅವನ್ನು ಡಿಕ್ಕಿಗೆ ಸೇರಿಸಿ, ಕರಕ್ ಚಹಾ ಕುಡಿಸುತ್ತೇನೆಂದು ಶಶಿಕಲಾಳನ್ನು ಹೊರಡಿಸಿದೆ. ಅಕ್ಕಿಯ ವಿಚಾರ ಹೇಳಲಿಲ್ಲ.

ದುಬೈಯ ಹೊರಗೆ ಅಲ್ ಕುದ್ರಾದ ಕಡೆ ಕೆಲವು ಒಳರಸ್ತೆಗಳ ಮೇಲೆ ಗಾಳಿ ಮರಳನ್ನು ತೆಳ್ಳಗೆ ಹರಡಿರುತ್ತದೆ. ಬಣ್ಣವೊಂದು ಬಿಟ್ಟರೆ ಇದೂ ಹಿಮವೇ ಎಂಬುದು ನನ್ನ ಸಿದ್ಧಾಂತ. ಚಳಿಗಾಲದ ಎಳೆಬಿಸಿಲು, ಖಾಲಿ ರಸ್ತೆ, ದೂರದಲ್ಲಿ ಮೂರು ಒಂಟೆಗಳು. ಹಿಂಭಾಗ ಯಾವ ಕಡೆಗೆ ಜಾರುತ್ತದೋ ಸ್ಟಿಯರಿಂಗನ್ನೂ ಅದೇ ಕಡೆಗೆ ತಿರುಗಿಸಬೇಕು, ಕಾಲನ್ನು ಮೆಲ್ಲಗೆ ಎತ್ತಬೇಕು: ಓದಿಕೊಂಡದ್ದೆಲ್ಲ ಬಾಯಿಪಾಠವಿತ್ತು. ಮೊದಲ ತಿರುವಿನಲ್ಲೇ ಬಾಲ ಜಾರಿತು. ಕೈ ತನ್ನ ಪಾಠವನ್ನು ಒಪ್ಪಿಸಿತು, ಕಾಲು ಮರೆತು ಒತ್ತಿತು. ಕಾರು ಅರ್ಧ ಪ್ರದಕ್ಷಿಣೆ ಹಾಕಿ, ಡಾಂಬರು ಬಿಟ್ಟು, ಪಕ್ಕದ ಮೆತ್ತನೆಯ ಮರಳಿಗೆ ಬೆನ್ನು ಮಾಡಿ ಹೋಗಿ ಕುಳಿತುಕೊಂಡಿತು. ನಾನು ಇನ್ನಷ್ಟು ಒತ್ತಿದೆ. ಚಕ್ರಗಳು ಗರಗರ ತಿರುಗಿ ಕುಣಿ ತೋಡಿದವು. ಇನ್ನೂ ಒತ್ತಿದಾಗ ಮೂವತ್ತು ಕಿಲೋ ಕುಚ್ಚಲಕ್ಕಿ ತನ್ನ ಕರ್ತವ್ಯವನ್ನು ನಿಷ್ಠೆಯಿಂದ ನೆರವೇರಿಸಿ ಕಾರಿನ ಹಿಂಭಾಗವನ್ನು ಹೊಟ್ಟೆಯವರೆಗೆ ಇಳಿಸಿತು. ಹಿಮದಲ್ಲಿ ಚಕ್ರವನ್ನು ಊರಿಸುವ ಭಾರ ಮರಳಿನಲ್ಲಿ ಹೂಳುತ್ತದೆಂಬ ಸಂಗತಿ ಇಬ್ರಾಹಿಂ ಬ್ಯಾರಿಗಳಿಗೆ ಗೊತ್ತೇ ಇದ್ದಿರಬೇಕು; ನಾನು ಅವರ ಹತ್ತಿರ ಮರಳಿನ ಮಾತೆತ್ತಿರಲಿಲ್ಲವಷ್ಟೆ.

ಡಿಕ್ಕಿ ತೆರೆದಾಗ ಶಶಿಕಲಾ ಅಕ್ಕಿಯನ್ನೂ ನನ್ನನ್ನೂ ನೋಡಿದಳು. ಚೀಲಗಳನ್ನು ರಸ್ತೆಯಂಚಿಗೆ ಸಾಗಿಸಿದಳು. ಪ್ರತಿ ಚಳಿಗಾಲದಲ್ಲಿ ಶಾಲೆಯ ಮಕ್ಕಳನ್ನು ಮರುಭೂಮಿಯ ಬಿಡಾರಕ್ಕೆ ಕರೆದೊಯ್ಯುವವಳು ಅವಳು. ಮರಳಿಗಿಳಿಯುವ ಮುನ್ನ ಜೀಪಿನ ಡ್ರೈವರುಗಳು ಟಯರಿನ ಗಾಳಿ ಇಳಿಸುವುದನ್ನು ಎಷ್ಟೋ ಸಲ ಕಂಡಿದ್ದಳು. ಕೀಲಿಯ ತುದಿಯಿಂದ ಹಿಂದಿನ ಎರಡು ಟಯರುಗಳ ಗಾಳಿಯನ್ನು ಅರ್ಧಕ್ಕೆ ಇಳಿಸಿದಳು. ನಾನು ಕೈಯಿಂದ ಮರಳು ತೋಡುತ್ತ, ಮೌನ ಸಹಿಸಲಾಗದೆ, ಹಿಮಕ್ಕೆ ಬೇರೆಯೇ ಟಯರು ಸಿಗುತ್ತದೆಂದು ವಿವರಿಸತೊಡಗಿದೆ. ಅವಳು ಎದ್ದು ನಿಂತು ಸೀರೆಯ ಮರಳು ಕೊಡವಿಕೊಂಡಳು.

"ಕಾರು ಹಿಮದಲ್ಲಿ ಹೋಗ್ತದಾ ಅಂತ ದುಬೈ ಇಡೀ ಕೇಳಿದ್ರಿ," ಎಂದಳು. "ನಾನು ಬರ್ತೇನಾ ಅಂತ ನನ್ನ ಹತ್ರ ಕೇಳ್ಲಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ, ಬೋರ್ಡಿನ ಮೇಲಿನ ತಪ್ಪು ಲೆಕ್ಕದತ್ತ ಬೆರಳು ತೋರಿಸುವವಳ ದನಿ ಅದು. ನನಗೆ ನಾಚಿಕೆಯಾಯಿತು, ತುಂಬ ನಾಚಿಕೆಯಾಯಿತು. ಹದಿನೆಂಟು ವರ್ಷಗಳ ಹಿಂದೆ ಊರಲ್ಲಿದ್ದ ಕೆಲಸ ಬಿಟ್ಟು ನನ್ನ ಹಿಂದೆ ಬಂದವಳು, ಇಲ್ಲಿ ಸೊನ್ನೆಯಿಂದ ಶುರುಮಾಡಿ, ಈಗ ಒಂದು ವಿಭಾಗದ ಮುಖ್ಯಸ್ಥೆಯಾಗಿದ್ದಾಳೆ. ಆಗಲೂ ನಾನು ಕೇಳಿದ್ದೆನೇ ಎಂದು ನೆನಪು ಕೆದಕಿದೆ. ಕೇಳಿರಲಿಲ್ಲ, ಟಿಕೆಟ್ ತೋರಿಸಿದ್ದೆ.

ನನ್ನ ಕಾಲಿನ ಮೇಲೆ ಆ ಹೊತ್ತಿಗೆ ಇಬ್ಬರಿಗೂ ನಂಬಿಕೆ ಹೋಗಿತ್ತು. ಅವಳೇ ಸ್ಟಿಯರಿಂಗಿನ ಮುಂದೆ ಕೂತಳು, ನಾನು ತಳ್ಳಲು ಹಿಂದೆ ಹೋದೆ. ಈ ಹೂವಿನದ್ದು ಎಂತ ಎಂದು ಅವಳು ಕೇಳಿದ್ದಕ್ಕೆ ಹೇಳಿದೆ. ಅವಳು ಒತ್ತಿದಳು. ಇಷ್ಟು ವರ್ಷ ಹಿಮಕ್ಕಾಗಿ ಕಾದು ಕುಳಿತ ಗುಂಡಿ ಮರಳಿನಲ್ಲಿ ಮೊದಲ ಬಾರಿ ಹಳದಿಯಾಗಿ ಬೆಳಗಿತು. ಅದು ಮಾಡುವುದು ಇಷ್ಟೇ: ಕಾರನ್ನು ಎರಡನೇ ಗೇರಿನಲ್ಲಿ ಹೊರಡಿಸಿ, ಚಾಲಕನ ಕಾಲು ಎಷ್ಟು ಒತ್ತಿದರೂ ಎಂಜಿನ್ನು ಗಾಬರಿಯಾಗದಂತೆ ನೋಡಿಕೊಳ್ಳುವುದು. ಹಿಮಕ್ಕೆ ಅದು ಏನನ್ನೂ ಮಾಡುವುದಿಲ್ಲ, ನನ್ನಂಥವರಿಗೆ ಮಾಡುತ್ತದೆ. ಚಕ್ರಗಳು ನಿಧಾನವಾಗಿ ಒಂದು ಸುತ್ತು ತಿರುಗಿದವು, ಇನ್ನೊಂದು ಸುತ್ತು, ಆಮೇಲೆ ಕಾರು ಡಾಂಬರಿನ ಮೇಲೆ ನಿಂತಿತ್ತು, ನಾನು ಮೊಣಕಾಲೂರಿ ಮರಳಿನಲ್ಲಿದ್ದೆ.

ಅಕ್ಕಿಚೀಲಗಳನ್ನು ಮತ್ತೆ ಡಿಕ್ಕಿಗೇರಿಸಿ, ಕಾರನ್ನು ತೆವಳಿಸುತ್ತ ಪೆಟ್ರೋಲ್ ಬಂಕ್ ತಲುಪಿ, ಟಯರಿಗೆ ಗಾಳಿ ತುಂಬಿಸಿ, ಕಾಗದದ ಲೋಟದಲ್ಲಿ ಕರಕ್ ಹಿಡಿದುಕೊಂಡು, ಬರುತ್ತೀಯಾ ಎಂದು ಕೊನೆಗೂ ಕೇಳಿದೆ. ಅವಳು ಲೋಟ ಮುಗಿಸಿ ಕಸದ ಡಬ್ಬಿಗೆ ಹಾಕಿದಳು.

"ಹತ್ತನೇ ಕ್ಲಾಸಿನ ಮಕ್ಕಳನ್ನು ಅರ್ಧಕ್ಕೆ ಬಿಡ್ಲಿಕ್ಕೆ ನನ್ನಿಂದಾಗುದಿಲ್ಲ. ನೀವು ಹೋಗಿ. ಪರೀಕ್ಷೆ ಮುಗಿದ ಮೇಲೆ ಆ ಊರು ಹೇಗುಂಟು ಅಂತ ನೋಡ್ಲಿಕ್ಕೆ ಬರ್ತೇನೆ. ಇರ್ಲಿಕ್ಕೆ ಬರ್ತೇನೆ ಅಂತ ಈಗ ಹೇಳುದಿಲ್ಲ," ಎಂದಳು. ಕೀಲಿ ಕೈಗೆತ್ತಿಕೊಳ್ಳುತ್ತ, "ಕಾರು ಇಲ್ಲೇ ಇರ್ಲಿ," ಎಂದಳು.

ಸೋಮವಾರ ಒಪ್ಪಿಗೆ ಬರೆದೆ, ಒಬ್ಬನದ್ದೇ. ಅಲ್ಲಿ ಮನೆಯಿಂದ ಕಛೇರಿಗೆ ಬಸ್ಸಿದೆಯಂತೆ. ಹಿಮದಲ್ಲೂ ಬರುತ್ತದಂತೆ, ಯಾವ ಚಕ್ರ ತಳ್ಳುತ್ತದೆಂದು ನಾನು ವಿಚಾರಿಸಿಲ್ಲ. ಮನಸ್ಸು ಮಾತ್ರ ಒಂದೆಡೆ ನಿಲ್ಲುತ್ತಿಲ್ಲ. ಅವಳು ಬಂದು ನೋಡಿ, ಬೇಡವೆಂದರೆ? ಮಣಿಪಾಲದಲ್ಲೊಬ್ಬಳು, ಇಲ್ಲೊಬ್ಬಳು, ಅಲ್ಲೊಬ್ಬ ಎಂದಾಗಿಬಿಟ್ಟರೆ? ರಾತ್ರಿ ಹಾಸಿಗೆಯಲ್ಲಿ ಕಾಲು ಪೆಡಲು ಹುಡುಕುತ್ತದೆ.

ರಜಾದಿನಗಳಲ್ಲಿ ಈಗ ಕಾರು ನಡೆಸುವವಳು ಅವಳು. ಸೊಂಟದ ಪ್ರಸ್ತಾಪ ಯಾಕೋ ನಿಂತಿದೆ. ನಾನು ಪಕ್ಕದ ಸೀಟಿನಲ್ಲಿ ಕೂತು ಕಾಲೊರಸನ್ನು ಬಲಗಾಲಿನಿಂದ ಒತ್ತುತ್ತಿರುತ್ತೇನೆ. ನಿನ್ನೆ ಹೊರಡುವಾಗ ಅವಳು ಮೊದಲು ಹಿಮದ ಹೂವನ್ನು ಒತ್ತಿದಳು. ಹೊರಗೆ ಒಳ್ಳೆಯ ಬಿಸಿಲು, ಗುಡಿಸಿಟ್ಟಂಥ ರಸ್ತೆ. ಇಲ್ಲಿ ಹಿಮ ಎಲ್ಲುಂಟು ಎಂದೆ.

"ನೀವು ಹೊರಡ್ಲಿಕ್ಕೆ ಇನ್ನು ಇಪ್ಪತ್ತೇ ದಿನ ಉಂಟಲ್ಲ," ಎಂದಳು, ರಸ್ತೆಯ ಮೇಲಿಟ್ಟ ಕಣ್ಣು ತೆಗೆಯದೆ. "ಮೆಲ್ಲ ಹೋಗುವ."